ಎಲೆಯಲ್ಲಿರುವ ವಿಟಮಿನ್ ಹಿಟ್ಟಿಗೆ ಯಾಕೆ ಬಂತು?

ಇಂಗ್ಲೆಂಡಿನ ಹಿಟ್ಟಿನ ಗಿರಣಿಗಳಿಗೆ ಒಂದು ಗಡುವು ಕೊಟ್ಟಿದ್ದಾರೆ: 2026ರ ಡಿಸೆಂಬರ್ 13. ಆ ದಿನದಿಂದ ಬಿಳಿ ಗೋಧಿ ಹಿಟ್ಟಿನ ಪ್ರತಿ 100 ಗ್ರಾಂಗೆ 250 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಅಂದರೆ ಫೋಲೇಟ್ ಎಂಬ ವಿಟಮಿನ್‌ನ ಕಾರ್ಖಾನೆ ರೂಪ, ಬೆರೆಸಬೇಕು ಎಂಬುದು ಕಾನೂನು. ತೌಡು ಸಮೇತ ಬೀಸಿದ ಹಿಟ್ಟಿಗೆ ಇದು ಅನ್ವಯಿಸುವುದಿಲ್ಲ, ತೀರಾ ಸಣ್ಣ ಗಿರಣಿಗಳಿಗೂ ವಿನಾಯಿತಿ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮೆಕ್ಕೆಜೋಳದ ಮಾಸಾ ಹಿಟ್ಟಿಗೆ ಇಂಥದ್ದೇ ನಿಯಮ 2026ರ ಜನವರಿ 1ಕ್ಕೆ ಶುರುವಾಯಿತು. ಇದರ ನಡುವೆಯೇ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಆಟಿಸಂ ವಿಷಯದಲ್ಲಿ ಲ್ಯುಕೊವೊರಿನ್ ಎಂಬ ಔಷಧದ ಹೆಸರು ಎತ್ತಿತು. ಅದೂ ಫೋಲೇಟ್ ಕುಟುಂಬದ್ದೇ.

ಈ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲ ಆಗುವುದು ಸಹಜ. ಫೋಲೇಟ್ ಅಂದರೆ ಸೊಪ್ಪಿನಲ್ಲಿ, ಕಾಳಿನಲ್ಲಿ ಇರುವ ವಿಟಮಿನ್ ಅಲ್ವಾ? ಗಿಡವೇ ಮಾಡಿಕೊಡುವಾಗ ಕಾರ್ಖಾನೆಯದ್ದನ್ನು ಹಿಟ್ಟಿಗೆ ಯಾಕೆ ಸುರಿಯಬೇಕು? ‘ಫೋಲಿಕ್ ಆಸಿಡ್ ಕೃತಕ, ಅದು ಮೈಗೆ ಹಿಡಿಯುವುದಿಲ್ಲ’ ಎನ್ನುವ ವಿಡಿಯೊಗಳಲ್ಲಿ ಹುರುಳಿದೆಯಾ?

ಇದಕ್ಕೆ ಉತ್ತರ ಹುಡುಕಲು ಮೊದಲು ಗಿಡದೊಳಗೆ ಹೋಗಬೇಕು. ಗಿಡ ಫೋಲೇಟನ್ನು ಹೇಗೆ ಮಾಡುತ್ತದೆ, ಎಲ್ಲಿ ಇಡುತ್ತದೆ, ಎಷ್ಟು ಬೇಗ ಕಳೆದುಕೊಳ್ಳುತ್ತದೆ ಎಂಬುದು ತಿಳಿದರೆ ಹಿಟ್ಟಿನ ಜಗಳದ ಅರ್ಧ ಅಲ್ಲೇ ಬಗೆಹರಿಯುತ್ತದೆ.

ತಲೆ, ನಡು, ಬಾಲ

ಫೋಲೇಟ್ ಅಂದರೆ ಒಂದೇ ವಸ್ತುವಲ್ಲ. ಅದು ವಿಟಮಿನ್ ಬಿ9 ಎಂದು ಕರೆಯುವ ಒಂದು ಗುಂಪು. ಗುಂಪಿನ ಎಲ್ಲ ಸದಸ್ಯರಿಗೂ ಮೂರು ಭಾಗಗಳಿವೆ. ತಲೆಯ ಕಡೆ ಟೆರಿನ್ ಎಂಬ ಉಂಗುರ. ನಡುವೆ ಪ್ಯಾರಾ-ಅಮೈನೊಬೆಂಜೋಯಿಕ್ ಆಮ್ಲ, ಚಿಕ್ಕದಾಗಿ ‘ಪಾಬಾ’. ಬಾಲದ ಕಡೆ ಗ್ಲುಟಮೇಟ್ ಎಂಬ ಅಮೈನೊ ಆಮ್ಲ. ಬಾಲದಲ್ಲಿ ಒಂದೇ ಗ್ಲುಟಮೇಟ್ ಇರಬಹುದು, ಅಥವಾ ಐದಾರು ಸಾಲಾಗಿ ಪೋಣಿಸಿಕೊಂಡಿರಬಹುದು. ಈ ಬಾಲದ ಉದ್ದ ಮುಂದೆ ಬಹಳ ಮುಖ್ಯವಾಗುತ್ತದೆ.

ಗಿಡದಲ್ಲಿ ಕೆಲಸ ಮಾಡುವ ಫೋಲೇಟಿನ ತಲೆಯಲ್ಲಿ ನಾಲ್ಕು ಹೈಡ್ರೋಜನ್ ಪರಮಾಣುಗಳು ಹೆಚ್ಚಿಗೆ ಇರುತ್ತವೆ. ಅದಕ್ಕೇ ಅದರ ಹೆಸರು ಟೆಟ್ರಾಹೈಡ್ರೊಫೋಲೇಟ್. ಈ ಹೈಡ್ರೋಜನ್‌ಗಳಿಂದಾಗಿಯೇ ಅದಕ್ಕೆ ಕೆಲಸ ಮಾಡುವ ಶಕ್ತಿ ಬರುತ್ತದೆ, ಅವುಗಳಿಂದಾಗಿಯೇ ಅದು ನಾಜೂಕೂ ಆಗುತ್ತದೆ. ಗಾಳಿಯ ಆಮ್ಲಜನಕ, ಬೆಳಕು, ಬಿಸಿ ತಾಗಿದರೆ ತಲೆಗೂ ನಡುವಿಗೂ ಮಧ್ಯೆ, ಕುತ್ತಿಗೆಯ ಹತ್ತಿರ, ಮುರಿದುಹೋಗುತ್ತದೆ. ಮುರಿದ ಫೋಲೇಟ್ ನಮಗೆ ವಿಟಮಿನ್ ಅಲ್ಲ.

ಫೋಲಿಕ್ ಆಸಿಡ್‌ನಲ್ಲಿ ಈ ನಾಲ್ಕು ಹೈಡ್ರೋಜನ್‌ಗಳಿಲ್ಲ. ಹಾಗಾಗಿ ಅದು ಸುಲಭವಾಗಿ ಮುರಿಯುವುದಿಲ್ಲ. ಮಾತ್ರೆಯಲ್ಲಿ, ಹಿಟ್ಟಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಬೇಯಿಸಿದರೂ ಬಹುಪಾಲು ಉಳಿಯುತ್ತದೆ. ಆದರೆ ಅದು ನೇರವಾಗಿ ಕೆಲಸ ಮಾಡುವುದಿಲ್ಲ. ನಮ್ಮ ದೇಹದ ಒಂದು ಕಿಣ್ವ ಅದಕ್ಕೆ ಹೈಡ್ರೋಜನ್ ಸೇರಿಸಿಕೊಡಬೇಕು. ಬಾಳಿಕೆ ಬೇಕೆಂದರೆ ಈ ಒಂದು ಹೆಜ್ಜೆ ಜಾಸ್ತಿ ಇಡಬೇಕಾಗುತ್ತದೆ.

ಸುದ್ದಿಯಲ್ಲಿ ಬಂದ ಲ್ಯುಕೊವೊರಿನ್ ಮೂರನೆಯದು. ರಾಸಾಯನಿಕವಾಗಿ ಅದು 5-ಫಾರ್ಮೈಲ್ ಟೆಟ್ರಾಹೈಡ್ರೊಫೋಲೇಟ್. ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧದ ಅಡ್ಡಪರಿಣಾಮ ತಗ್ಗಿಸಲು ವೈದ್ಯರು ದಶಕಗಳಿಂದ ಕೊಡುತ್ತಿರುವ ಔಷಧ ಇದು. ಆಟಿಸಂಗೆ ಇದು ಕೆಲಸ ಮಾಡುತ್ತದೆ ಎನ್ನಲು ಇರುವುದು ಕೆಲವು ಸಣ್ಣ ಪ್ರಯೋಗಗಳು ಮಾತ್ರ. ಹಿಟ್ಟಿಗೆ ಬೆರೆಸುವ ಫೋಲಿಕ್ ಆಸಿಡ್‌ಗೂ ಈ ಚರ್ಚೆಗೂ ಸಂಬಂಧವಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಯಾರೂ ಮನೆಯಲ್ಲಿ ಮಾತ್ರೆ ಬದಲಿಸಬಾರದು.

ಗಿಡಕ್ಕೆ ಇದು ಯಾಕೆ ಬೇಕು?

ಗಿಡ ಫೋಲೇಟ್ ಮಾಡುವುದು ನಮಗಾಗಿ ಅಲ್ಲ. ಇದನ್ನು ಮರೆತರೆ ಮುಂದಿನದ್ದು ಅರ್ಥವಾಗುವುದಿಲ್ಲ.

ಜೀವಕೋಶದಲ್ಲಿ ಒಂದೊಂದೇ ಇಂಗಾಲದ ಪರಮಾಣುವನ್ನು ಒಂದು ಅಣುವಿನಿಂದ ಬಿಡಿಸಿ ಇನ್ನೊಂದಕ್ಕೆ ಕೊಡುವ ಕೆಲಸ ಸದಾ ನಡೆಯುತ್ತಿರುತ್ತದೆ. ಆ ಇಂಗಾಲವನ್ನು ಹೊತ್ತು ಸಾಗಿಸುವುದು ಫೋಲೇಟ್. ಡಿಎನ್‌ಎ ಕಟ್ಟಲು ಅದು ಬೇಕು. ಆದ್ದರಿಂದ ಕೋಶಗಳು ಬೇಗಬೇಗ ಒಡೆದು ಎರಡಾಗುವ ಚಿಗುರು, ಬೇರಿನ ತುದಿ, ಮೊಳಕೆಗಳಲ್ಲಿ ಫೋಲೇಟ್ ಜಾಸ್ತಿ. ಹಸಿರು ಬಣ್ಣದ ಕ್ಲೋರೊಫಿಲ್ ಮಾಡಲು ಬೇಕು. ಕಾಂಡಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಮಾಡಲೂ ಬೇಕು. ಮೆಕ್ಕೆಜೋಳದಲ್ಲಿ ಎಲೆಯ ನಡುನರ ಕಂದು ಬಣ್ಣಕ್ಕೆ ತಿರುಗುವ ಕೆಲವು ತಳಿಗಳಿವೆ. ಅವುಗಳ ಲಿಗ್ನಿನ್ ಬೇರೆ ಥರ ಇರುತ್ತದೆ. ಅಂಥ ಎರಡು ತಳಿಗಳಲ್ಲಿ ಕೆಟ್ಟಿರುವುದು ಫೋಲೇಟಿಗೆ ಸಂಬಂಧಪಟ್ಟ ಜೀನ್‌ಗಳೇ ಎಂದು ಗೊತ್ತಾಗಿದೆ.

ಎಲೆಗಂತೂ ಇನ್ನೊಂದು ದೊಡ್ಡ ಕೆಲಸ ಇದೆ. ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆ ನಡೆಯುವಾಗ ಇಂಗಾಲದ ಡೈಆಕ್ಸೈಡ್ ಹಿಡಿಯಬೇಕಾದ ಕಿಣ್ವ ಆಗಾಗ ತಪ್ಪಿ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಆ ತಪ್ಪನ್ನು ಸರಿಪಡಿಸುವ ಕೆಲಸದ ಒಂದು ಭಾಗ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ಆಗುತ್ತದೆ. ಅದಕ್ಕೆ ಫೋಲೇಟ್ ಇಲ್ಲದೆ ಆಗುವುದಿಲ್ಲ. ಹಸಿರು ಎಲೆಯಲ್ಲಿ ಫೋಲೇಟ್ ಹೇರಳವಾಗಿ ಇರುವುದಕ್ಕೆ ಇದೂ ಒಂದು ಕಾರಣ. ಕತ್ತಲಲ್ಲಿ ಬೆಳೆದ ಸಸಿಯನ್ನು ಬೆಳಕಿಗೆ ತಂದರೆ ಹಸಿರಾಗುವುದರ ಜೊತೆಗೆ ಅದರ ಎಲೆಯಲ್ಲಿ ಫೋಲೇಟೂ ಏರುತ್ತದೆ.

ಅಂದರೆ ಫೋಲೇಟ್ ಗಿಡದ ಪಾಲಿಗೆ ಕೆಲಸದ ಸಾಮಾನು. ಪಿಷ್ಟದ ಹಾಗೆ, ಎಣ್ಣೆಯ ಹಾಗೆ ಮುಂದಿನ ದಿನಗಳಿಗೆಂದು ರಾಶಿ ಹಾಕುವ ದಾಸ್ತಾನಲ್ಲ. ಎಲ್ಲಿ ಕೆಲಸ ಇದೆಯೋ ಅಲ್ಲಿ ಇರುತ್ತದೆ, ಕೆಲಸ ಮುಗಿದಲ್ಲಿ ಕಡಿಮೆಯಾಗುತ್ತದೆ. ಅಕ್ಕಿಯಲ್ಲಿ, ಆಲೂಗಡ್ಡೆಯಲ್ಲಿ ಪಿಷ್ಟ ತುಂಬಿದ ಭಾಗ ಹೆಚ್ಚೂಕಡಿಮೆ ನಿದ್ದೆಯಲ್ಲಿರುವ ಭಾಗ. ಅಲ್ಲಿ ಫೋಲೇಟಿಗೆ ಹೆಚ್ಚು ಕೆಲಸವಿಲ್ಲ. ಜಗತ್ತಿನ ಬಹುಪಾಲು ಜನ ಹೊಟ್ಟೆ ತುಂಬಿಸಿಕೊಳ್ಳುವುದು ಇದೇ ನಿದ್ದೆಯ ಭಾಗದಿಂದ. ಎಲ್ಲ ಸಮಸ್ಯೆಯ ಬೇರು ಇಲ್ಲಿದೆ.

ಮೂರು ಕೋಣೆಗಳಲ್ಲಿ ಒಂದು ತಯಾರಿಕೆ

ನಮ್ಮ ದೇಹಕ್ಕೆ ಫೋಲೇಟ್ ಮಾಡಲು ಬರುವುದಿಲ್ಲ. ಗಿಡಗಳು, ಬೂಷ್ಟು-ಶಿಲೀಂಧ್ರಗಳು ಮತ್ತು ಅನೇಕ ಬ್ಯಾಕ್ಟೀರಿಯಾಗಳಿಗೆ ಬರುತ್ತದೆ. ಆದರೆ ಗಿಡದ ವಿಧಾನ ವಿಚಿತ್ರವಾಗಿದೆ. ಒಂದೇ ಜೀವಕೋಶದ ಮೂರು ಬೇರೆಬೇರೆ ಕೋಣೆಗಳಲ್ಲಿ ಕೆಲಸ ಹಂಚಿಹೋಗಿದೆ.

ತಲೆಯ ಭಾಗ ತಯಾರಾಗುವುದು ಕೋಶದ ಒಳಗಿನ ದ್ರವದಲ್ಲಿ, ಅಂದರೆ ಸೈಟೊಸಾಲ್‌ನಲ್ಲಿ. ಕಚ್ಚಾ ವಸ್ತು ಜಿಟಿಪಿ, ಆರ್‌ಎನ್‌ಎ ಕಟ್ಟಲೂ ಬಳಕೆಯಾಗುವ ಒಂದು ಅಣು. ಇದರ ಮೊದಲ ಹೆಜ್ಜೆಯನ್ನು ಜಿಟಿಪಿ ಸೈಕ್ಲೊಹೈಡ್ರೊಲೇಸ್ ಎಂಬ ಕಿಣ್ವ ಮಾಡುತ್ತದೆ. ಈ ಹೆಜ್ಜೆ ಎಷ್ಟು ವೇಗವಾಗಿ ಸಾಗುತ್ತದೋ ಅಷ್ಟೇ ತಲೆಗಳು ಸಿಗುತ್ತವೆ.

ನಡುವಿನ ಪಾಬಾ ತಯಾರಾಗುವುದು ಕ್ಲೋರೊಪ್ಲಾಸ್ಟ್ ಅಥವಾ ಅದರ ಬಳಗದ ಪ್ಲಾಸ್ಟಿಡ್‌ನಲ್ಲಿ. ಅಲ್ಲಿ ಕೋರಿಸ್ಮೇಟ್ ಎಂಬ ವಸ್ತು ಇರುತ್ತದೆ. ಗಿಡದ ಅನೇಕ ಪರಿಮಳ, ಬಣ್ಣ, ಅಮೈನೊ ಆಮ್ಲಗಳಿಗೆ ಅದೇ ಮೂಲ. ಅದರಿಂದ ಎರಡು ಕಿಣ್ವಗಳು ಪಾಬಾ ಮಾಡುತ್ತವೆ.

ಇವೆರಡೂ ಮೈಟೊಕಾಂಡ್ರಿಯಾಕ್ಕೆ ಬರಬೇಕು. ಅಲ್ಲಿ ತಲೆಯನ್ನು ನಡುವಿಗೆ ಜೋಡಿಸಿ, ಆಮೇಲೆ ಮೊದಲ ಗ್ಲುಟಮೇಟ್ ಅಂಟಿಸಿ, ಹೈಡ್ರೋಜನ್ ಸೇರಿಸಿದರೆ ಟೆಟ್ರಾಹೈಡ್ರೊಫೋಲೇಟ್ ಸಿದ್ಧ. ಬಾಲ ಉದ್ದ ಮಾಡುವ ಕಿಣ್ವ ಮಾತ್ರ ಮೂರೂ ಕೋಣೆಗಳಲ್ಲಿ ಇದೆ. ಕಾರಣ, ಫೋಲೇಟ್ ಕೊನೆಗೆ ಮೂರೂ ಕಡೆ ಕೆಲಸ ಮಾಡಬೇಕು.

ತಲೆಯನ್ನು ನಡುವಿಗೆ ಜೋಡಿಸುವ ಈ ಹೆಜ್ಜೆಯನ್ನು ಮನುಷ್ಯ ಬಹಳ ಹಿಂದೆಯೇ ಬಳಸಿಕೊಂಡಿದ್ದಾನೆ. ಸಲ್ಫಾ ಔಷಧಗಳು ನೋಡಲು ಪಾಬಾದ ಹಾಗೆಯೇ ಇವೆ. ಬ್ಯಾಕ್ಟೀರಿಯಾದ ಕಿಣ್ವ ಮೋಸಹೋಗಿ ಅವನ್ನು ಹಿಡಿದುಕೊಳ್ಳುತ್ತದೆ, ಫೋಲೇಟ್ ತಯಾರಿಕೆ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ನಮ್ಮಲ್ಲಿ ಆ ಕಿಣ್ವವೇ ಇಲ್ಲ, ಹಾಗಾಗಿ ನಮಗೆ ಪೆಟ್ಟಿಲ್ಲ. ಇದೇ ತತ್ವದ ಮೇಲೆ ಆಸುಲಮ್ ಎಂಬ ಕಳೆನಾಶಕವೂ ಇದೆ. ಅದು ಕಳೆಗಿಡದ ಫೋಲೇಟ್ ತಯಾರಿಕೆಯನ್ನೇ ತಡೆಯುತ್ತದೆ.

ಮೂರು ಕೋಣೆಗಳ ಈ ಏರ್ಪಾಡಿನ ಪರಿಣಾಮವೇನು? ಒಂದೇ ಕೋಣೆಯಲ್ಲಿ ಕೆಲಸ ಜೋರು ಮಾಡಿದರೆ ಫೋಲೇಟ್ ಅಷ್ಟೇನೂ ಹೆಚ್ಚುವುದಿಲ್ಲ. ತಲೆ ರಾಶಿ ಬಿದ್ದು ನಡು ಸಾಲದಿದ್ದರೆ ಅಥವಾ ನಡು ರಾಶಿ ಬಿದ್ದು ತಲೆ ಸಾಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಬೆಳೆ ವಿಜ್ಞಾನಿಗಳು ಇದನ್ನು ಕಷ್ಟಪಟ್ಟೇ ಕಲಿತರು.

ಕೂಡಿಡುವುದು ಎಲ್ಲಿ?

ಕಟ್ಟುನಿಟ್ಟಾಗಿ ಹೇಳಿದರೆ ಗಿಡದಲ್ಲಿ ಫೋಲೇಟಿಗೆಂದೇ ಉಗ್ರಾಣವಿಲ್ಲ. ಇರುವುದು ಇದ್ದಷ್ಟು ಉಳಿಸಿಕೊಳ್ಳುವ ನಾಲ್ಕಾರು ಉಪಾಯಗಳು.

ಅದರಲ್ಲಿ ಮುಖ್ಯವಾದದ್ದು ಬಾಲ. ಗ್ಲುಟಮೇಟ್‌ಗಳ ಉದ್ದ ಬಾಲ ಇರುವ ಫೋಲೇಟ್ ಕೋಣೆಯ ಗೋಡೆ ದಾಟಿ ಆಚೆ ಹೋಗುವುದು ಕಷ್ಟ. ಕಿಣ್ವಗಳಿಗೂ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪ್ರೋಟೀನಿನ ಮಡಿಲಲ್ಲಿ ಇರುವಷ್ಟು ಹೊತ್ತು ಆಮ್ಲಜನಕದಿಂದ ಅದಕ್ಕೆ ರಕ್ಷಣೆ. ಬಾಲ ಕತ್ತರಿಸಿದರೆ ಬಿಡಿಯಾಗಿ ಓಡಾಡುತ್ತದೆ, ಬೇಗ ಮುರಿಯುತ್ತದೆ.

ಬಾಲ ಕತ್ತರಿಸುವ ಕಿಣ್ವವೂ ಗಿಡದಲ್ಲೇ ಇದೆ. ಅದರ ಹೆಸರು ಗಾಮಾ-ಗ್ಲುಟಮೈಲ್ ಹೈಡ್ರೊಲೇಸ್. ಇರುವುದು ವ್ಯಾಕ್ಯೂಲ್ ಎಂಬ ದೊಡ್ಡ ರಸಚೀಲದಲ್ಲಿ. ಫೋಲೇಟಿನ ಗಣನೀಯ ಪಾಲು ಇರುವುದೂ ಅದೇ ವ್ಯಾಕ್ಯೂಲ್‌ನಲ್ಲಿ, ಮುಖ್ಯವಾಗಿ 5-ಮೀಥೈಲ್ ರೂಪದಲ್ಲಿ. ಕಾಪಾಡಬೇಕಾದ ವಸ್ತುವೂ ಅದನ್ನು ಕತ್ತರಿಸುವ ಕತ್ತರಿಯೂ ಒಂದೇ ಚೀಲದಲ್ಲಿ! ಸಂಶೋಧಕರು ಈ ಕತ್ತರಿಯನ್ನು ಮೂರು ಪಟ್ಟು ಹೆಚ್ಚಿಸಿ ನೋಡಿದಾಗ ಗಿಡದ ಒಟ್ಟು ಫೋಲೇಟ್ ಸುಮಾರು ಶೇ 40ರಷ್ಟು ಇಳಿಯಿತು. ಕತ್ತರಿಯನ್ನು ಹೆಚ್ಚೂಕಡಿಮೆ ಇಲ್ಲವಾಗಿಸಿದಾಗ ಸುಮಾರು ಮೂರನೇ ಒಂದು ಪಾಲು ಏರಿತು. ಹೊಸದಾಗಿ ಏನೂ ತಯಾರಿಸದೆ, ಬರೀ ಉಳಿಸಿಕೊಳ್ಳುವುದರಿಂದಲೇ ಇಷ್ಟು ವ್ಯತ್ಯಾಸ ಆಗುತ್ತದೆ ಎಂಬುದು ಗಮನಿಸಬೇಕಾದ ವಿಷಯ.

ಬೀಜಗಳು ಇನ್ನೊಂದು ಉಪಾಯ ಮಾಡುತ್ತವೆ. ಒಣ ಬೀಜ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಯಬೇಕು. ಟೆಟ್ರಾಹೈಡ್ರೊಫೋಲೇಟ್ ಅಷ್ಟು ದಿನ ಬದುಕುವುದಿಲ್ಲ. ಸಹಜ ಫೋಲೇಟ್‌ಗಳಲ್ಲಿ ಎಲ್ಲಕ್ಕಿಂತ ಗಟ್ಟಿಮುಟ್ಟಾದದ್ದು 5-ಫಾರ್ಮೈಲ್ ರೂಪ. ಮಲಗಿರುವ ಬೀಜದಲ್ಲಿ ಫೋಲೇಟನ್ನು ಕಾಪಿಡುವುದು ಈ ರೂಪವೇ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಲ್ಯುಕೊವೊರಿನ್ ಎಂದು ಔಷಧದ ಬಾಟಲಿಯ ಮೇಲೆ ಬರೆದಿರುವ ಅಣುವೂ ಇದೇ. ನೀರು ತಾಗಿ ಬೀಜ ಎದ್ದಾಗ ಒಂದು ಕಿಣ್ವ ಅದನ್ನು ಮತ್ತೆ ಕೆಲಸದ ರೂಪಕ್ಕೆ ತಿರುಗಿಸುತ್ತದೆ. ಜೊತೆಗೆ ಹೊಸ ತಯಾರಿಕೆಯೂ ಶುರುವಾಗುತ್ತದೆ. ಮೊಳಕೆ ಕಟ್ಟಿದ ಕಾಳಿನಲ್ಲಿ ಫೋಲೇಟ್ ಎರಡು ಮೂರು ಪಟ್ಟು ಏರುವುದು ಹೀಗೆ.

ಪಾಬಾವನ್ನಂತೂ ಗಿಡ ನಿಜವಾಗಿಯೂ ಕೂಡಿಡುತ್ತದೆ. ಬಳಸದೆ ಉಳಿದ ಪಾಬಾಕ್ಕೆ ಒಂದು ಗ್ಲೂಕೋಸ್ ಅಂಟಿಸಿ ವ್ಯಾಕ್ಯೂಲ್‌ಗೆ ಹಾಕುತ್ತದೆ. ಬೇಕಾದಾಗ ಗ್ಲೂಕೋಸ್ ಬಿಡಿಸಿ ಮತ್ತೆ ತೆಗೆದುಕೊಳ್ಳಬಹುದು. ಅಷ್ಟೇ ಅಲ್ಲ, ಮುರಿದ ಫೋಲೇಟಿನ ತಲೆಯನ್ನೂ ನಡುವನ್ನೂ ಆರಿಸಿಕೊಂಡು ಮತ್ತೆ ಜೋಡಿಸುವ ಸಾಮರ್ಥ್ಯ ಗಿಡಕ್ಕಿದೆ. ನಮಗೆ ಅದಿಲ್ಲ.

ಕಿತ್ತ ಮೇಲೆ, ಬೇಯಿಸಿದ ಮೇಲೆ

ಇಷ್ಟೆಲ್ಲ ಉಪಾಯ ಇದ್ದರೂ ಕೊಯ್ದ ಎಲೆ, ಹಣ್ಣುಗಳಲ್ಲಿ ಫೋಲೇಟ್ ದಿನಕ್ಕೆ ಸುಮಾರು ಶೇ 10ರಷ್ಟು ಒಡೆಯುತ್ತದೆ. ಬದುಕಿರುವ ಗಿಡ ಒಡೆದದ್ದನ್ನು ದಿನವೂ ತುಂಬಿಕೊಳ್ಳುತ್ತದೆ. ಕೊಯ್ದ ಮೇಲೆ ತುಂಬುವ ಕೆಲಸ ಕುಂಟುತ್ತದೆ. ಟೊಮೆಟೊದಲ್ಲಿ ಕಾಯಿ ಹಣ್ಣಾಗುತ್ತಾ ಹೋದಂತೆಯೇ ತಯಾರಿಕೆಯ ಜೀನ್‌ಗಳು ತಣ್ಣಗಾಗುತ್ತವೆ.

ಆಮೇಲೆ ಒಲೆ. ಹಸಿ ಪಾಲಕ್‌ನ 100 ಗ್ರಾಂನಲ್ಲಿ ಸುಮಾರು 194 ಮೈಕ್ರೋಗ್ರಾಂ ಫೋಲೇಟ್ ಇರುತ್ತದೆ. ನೀರಿನಲ್ಲಿ ಕುದಿಸಿ ನೀರು ಬಸಿದರೆ ಪಾಲಕ್, ಬ್ರಾಕೊಲಿಗಳಲ್ಲಿ ಅರ್ಧದಷ್ಟು ಮಾತ್ರ ಉಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ಆವಿಯಲ್ಲಿ ಬೇಯಿಸಿದಾಗ ಹೇಳಿಕೊಳ್ಳುವಂಥ ನಷ್ಟವೇ ಆಗಲಿಲ್ಲ. ಅಂದರೆ ಹೆಚ್ಚಿನ ನಷ್ಟ ಬಿಸಿಯಿಂದಲ್ಲ, ಬಸಿದ ನೀರಿನಲ್ಲಿ ಹೋಗುವುದರಿಂದ. ಆ ನೀರನ್ನು ಚೆಲ್ಲದಿದ್ದರೆ ಬಹಳಷ್ಟು ಉಳಿಯುತ್ತದೆ.

ಹೊಟ್ಟೆಗೆ ಹೋದ ಮೇಲೂ ಒಂದು ಅಡ್ಡಿ ಇದೆ. ಗಿಡಕ್ಕೆ ಅನುಕೂಲವಾದ ಆ ಉದ್ದ ಬಾಲ ನಮ್ಮ ಕರುಳಿಗೆ ತೊಡಕು. ಒಂದೇ ಗ್ಲುಟಮೇಟ್ ಉಳಿಯುವವರೆಗೆ ಬಾಲ ಕತ್ತರಿಸಿದ ಮೇಲೆಯೇ ಕರುಳು ಫೋಲೇಟನ್ನು ಹೀರಿಕೊಳ್ಳುತ್ತದೆ. ಫೋಲಿಕ್ ಆಸಿಡ್‌ಗೆ ಮೊದಲೇ ಒಂದೇ ಗ್ಲುಟಮೇಟ್. ಹಾಗಾಗಿ ಆಹಾರದಲ್ಲಿ ಬೆರೆತ 0.6 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಸಹಜ ಫೋಲೇಟಿನ 1 ಮೈಕ್ರೋಗ್ರಾಂಗೆ ಸಮ ಎಂದು ಪೋಷಣಾ ತಜ್ಞರು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ 400, ಗರ್ಭಿಣಿಯರಿಗೆ 600 ಮೈಕ್ರೋಗ್ರಾಂ ಬೇಕು ಎನ್ನುವುದು ಅಮೆರಿಕದ ಶಿಫಾರಸು.

ಎಲೆಯಿಂದ ಮಾತ್ರೆಗೆ

ಈ ವಿಟಮಿನ್‌ನ ಕಥೆ ಶುರುವಾದದ್ದು ಗರ್ಭಿಣಿಯರಿಂದಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಾಂಬೆಗೆ ಬಂದರು. ಅಲ್ಲಿ ಬಟ್ಟೆ ಗಿರಣಿಗಳ ಬಡ ಹೆಣ್ಣುಮಕ್ಕಳಿಗೆ ಬಸಿರಿನಲ್ಲಿ ಬರುತ್ತಿದ್ದ ತೀವ್ರ ರಕ್ತಹೀನತೆಯ ಕಾರಣ ಹುಡುಕಿದರು. ಯೀಸ್ಟ್ ಸಾರ ಕೊಟ್ಟರೆ ಅದು ವಾಸಿಯಾಗುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಯೀಸ್ಟ್‌ನಲ್ಲಿದ್ದ ಆ ವಸ್ತು ಏನೆಂದು ಆಗ ಗೊತ್ತಿರಲಿಲ್ಲ. 1941ರಲ್ಲಿ ಟೆಕ್ಸಾಸ್‌ನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು. ಎಲೆಗೆ ಲ್ಯಾಟಿನ್‌ನಲ್ಲಿ ‘ಫೋಲಿಯಂ’ ಎನ್ನುತ್ತಾರೆ, ಹೆಸರು ಅಲ್ಲಿಂದ ಬಂತು. ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿದ್ದು 1945ರ ಹೊತ್ತಿಗೆ, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಆ ಸಂಶೋಧನೆಯ ಮುಂದಾಳು ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಾಲ್ಕು ಟನ್ ಸೊಪ್ಪಿನಿಂದ ಚಿಟಿಕೆಯಷ್ಟು ಸಿಗುತ್ತಿದ್ದದ್ದು ಆಮೇಲೆ ಅಗ್ಗದ ಮಾತ್ರೆಯಾಯಿತು.

ಹಿಟ್ಟಿಗೆ ಬೆರೆಸಬೇಕು ಎನ್ನುವವರ ವಾದ

ಗರ್ಭ ಕಟ್ಟಿದ ಮೊದಲ 28 ದಿನಗಳಲ್ಲಿ ಭ್ರೂಣದ ನರಕೊಳವೆ ಮುಚ್ಚಿಕೊಳ್ಳಬೇಕು. ಮುಂದೆ ಮಿದುಳು, ಬೆನ್ನುಹುರಿ ಆಗುವುದು ಅದೇ. ಅದು ಸರಿಯಾಗಿ ಮುಚ್ಚದಿದ್ದರೆ ಮಗು ಬೆನ್ನುಹುರಿಯ ದೋಷದೊಂದಿಗೆ ಹುಟ್ಟುತ್ತದೆ, ಇಲ್ಲವೇ ಬದುಕುವುದೇ ಇಲ್ಲ. ತಾಯಿಯ ದೇಹದಲ್ಲಿ ಫೋಲೇಟ್ ಸಾಕಷ್ಟಿದ್ದರೆ ಈ ಅಪಾಯ ಬಹಳ ಕಡಿಮೆ. ಹಿಂದೆ ಇಂಥ ಮಗು ಹೆತ್ತವರಿಗೆ ಫೋಲಿಕ್ ಆಸಿಡ್ ಕೊಟ್ಟಾಗ ಮತ್ತೆ ಹಾಗಾಗುವ ಸಾಧ್ಯತೆ ಶೇ 72ರಷ್ಟು ತಗ್ಗಿತು ಎಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ 1991ರಲ್ಲಿ ತೋರಿಸಿತು.

ತೊಡಕು ಇರುವುದು ಆ 28 ದಿನಗಳಲ್ಲಿ. ಬಸಿರು ಎಂದು ಗೊತ್ತಾಗುವ ಹೊತ್ತಿಗೆ ಹಲವರಿಗೆ ಆ ದಿನಗಳು ಕಳೆದೇ ಹೋಗಿರುತ್ತವೆ. ಆಮೇಲೆ ಮಾತ್ರೆ ನುಂಗಿದರೆ ಈ ವಿಷಯದಲ್ಲಿ ಪ್ರಯೋಜನವಿಲ್ಲ. ‘ಮೊದಲೇ ತೆಗೆದುಕೊಳ್ಳಿ’ ಎಂದು ಹೇಳಿದರೆ ಸಾಲದಾ? ಯುರೋಪಿನ ಅನೇಕ ದೇಶಗಳು ಅದನ್ನೇ ಮಾಡಿದವು. 1991ರಿಂದ 2011ರವರೆಗಿನ ಲೆಕ್ಕ ನೋಡಿದಾಗ ಅಲ್ಲಿ ನರಕೊಳವೆ ದೋಷ ಒಟ್ಟಾರೆ ತಗ್ಗಿರಲಿಲ್ಲ. ಹಿಟ್ಟಿಗೆ ಬೆರೆಸಿದ ದೇಶಗಳಲ್ಲಿ ತಗ್ಗಿತು. ಅಮೆರಿಕ 1998ರಿಂದ 100 ಗ್ರಾಂ ಹಿಟ್ಟಿಗೆ 140 ಮೈಕ್ರೋಗ್ರಾಂ ಬೆರೆಸುತ್ತಿದೆ. ಇದರಿಂದ ವರ್ಷಕ್ಕೆ ಸುಮಾರು 1,300 ಮಕ್ಕಳು ಈ ದೋಷದಿಂದ ಪಾರಾಗುತ್ತಿದ್ದಾರೆ ಎಂಬುದು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಅಂದಾಜು. ಕೆನಡಾದಲ್ಲಿ ಪ್ರಕರಣಗಳು ಶೇ 46ರಷ್ಟು ಇಳಿದವು. ಗೋಧಿಗಿಂತ ಮಾಸಾ ಹಿಟ್ಟನ್ನೇ ಜಾಸ್ತಿ ತಿನ್ನುವ ಹಿಸ್ಪಾನಿಕ್ ಸಮುದಾಯಕ್ಕೆ ಅಮೆರಿಕದ ಆ ಲಾಭ ಪೂರ್ತಿ ತಲುಪಲಿಲ್ಲ. ಕ್ಯಾಲಿಫೋರ್ನಿಯಾದ ಹೊಸ ನಿಯಮ ಹುಟ್ಟಿದ್ದು ಇದೇ ಕಾರಣಕ್ಕೆ.

ಬೇಡ ಎನ್ನುವವರ ವಾದ

ಎದುರು ವಾದಗಳನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕೆಲವು ಗಟ್ಟಿಯಾಗಿವೆ, ಕೆಲವು ಇಲ್ಲ.

ಗಟ್ಟಿಯಾದದ್ದು ವಿಟಮಿನ್ ಬಿ12ರ ವಿಷಯ. ಬಿ12 ಕೊರತೆ ಇದ್ದವರಿಗೆ ಫೋಲಿಕ್ ಆಸಿಡ್ ಹೆಚ್ಚು ಕೊಟ್ಟರೆ ರಕ್ತಹೀನತೆ ಮಾತ್ರ ಸರಿಹೋಗುತ್ತದೆ, ನರಗಳಿಗೆ ಆಗುವ ಹಾನಿ ಒಳಗೇ ಮುಂದುವರಿಯುತ್ತದೆ. ಕಾಯಿಲೆಯ ಗುರುತೇ ಮರೆಯಾಗುತ್ತದೆ. ವಯಸ್ಕರಿಗೆ ದಿನಕ್ಕೆ 1,000 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮೀರಬಾರದು ಎಂಬ ಮಿತಿ ಬಂದದ್ದು ಇದರಿಂದಲೇ. ಹಿಟ್ಟಿನ ಪ್ರಮಾಣ ನಿಗದಿ ಮಾಡುವವರು ಈ ಮಿತಿ ಇಟ್ಟುಕೊಂಡೇ ಲೆಕ್ಕ ಹಾಕುತ್ತಾರೆ.

ಕ್ಯಾನ್ಸರ್ ಭಯವೂ ಇತ್ತು. ಫೋಲೇಟ್ ಕೋಶ ಬೆಳೆಯಲು ಬೇಕು, ಹಾಗಾದರೆ ಗೆಡ್ಡೆ ಬೆಳೆಯಲೂ ನೆರವಾಗಬಹುದಲ್ಲ ಎನ್ನುವುದು ತರ್ಕ. ಕೇಳಬೇಕಾದ ಪ್ರಶ್ನೆಯೇ. ಸುಮಾರು 50,000 ಜನರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ನೋಡಿದಾಗ ಗಣನೀಯ ಏರಿಕೆ ಕಾಣಲಿಲ್ಲ.

ಇನ್ನು ಅಂತರ್ಜಾಲದಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುವ ವಾದ ಎಂಟಿಎಚ್‌ಎಫ್‌ಆರ್ ಜೀನ್‌ನದು. ದೇಹದಲ್ಲಿ ಫೋಲೇಟನ್ನು ಮೀಥೈಲ್ ರೂಪಕ್ಕೆ ತಿರುಗಿಸುವ ಕಿಣ್ವದ ಜೀನ್ ಅದು. ಈ ಜೀನ್‌ನಲ್ಲಿ ವ್ಯತ್ಯಾಸ ಇರುವವರಿಗೆ ಫೋಲಿಕ್ ಆಸಿಡ್ ವಿಷ, ಮೀಥೈಲ್‌ಫೋಲೇಟ್ ಮಾತ್ರ ಆಗುತ್ತದೆ ಎನ್ನುತ್ತಾರೆ. ಇದು ತಪ್ಪು. ಆ ವ್ಯತ್ಯಾಸದ ಎರಡೂ ಪ್ರತಿ ಇರುವವರ ರಕ್ತದಲ್ಲಿ ಫೋಲೇಟ್ ಸುಮಾರು ಶೇ 16ರಷ್ಟು ಕಡಿಮೆ ಇರುತ್ತದೆ, ನಿಜ. ಆದರೆ ಅವರ ದೇಹವೂ ಫೋಲಿಕ್ ಆಸಿಡನ್ನು ಬಳಸಿಕೊಳ್ಳುತ್ತದೆ. ನರಕೊಳವೆ ದೋಷ ತಡೆಯುತ್ತದೆ ಎಂದು ಪ್ರಯೋಗದಲ್ಲಿ ಸಾಬೀತಾಗಿರುವುದೂ ಫೋಲಿಕ್ ಆಸಿಡ್ ಒಂದೇ. ಬಸಿರಿಗೆ ತಯಾರಾಗುತ್ತಿರುವ ಹೆಣ್ಣುಮಗಳೊಬ್ಬಳು ಇಂಥ ವಿಡಿಯೊ ನೋಡಿ ಮಾತ್ರೆ ಬಿಟ್ಟರೆ ಅದರ ಬೆಲೆ ತೆರುವುದು ಮಗು. ಈ ಮಾತನ್ನು ಮೆತ್ತಗೆ ಹೇಳಲು ಆಗುವುದಿಲ್ಲ.

ಫೋಲಿಕ್ ಆಸಿಡ್‌ಗೆ ಹೈಡ್ರೋಜನ್ ಸೇರಿಸುವ ಕಿಣ್ವ ಮನುಷ್ಯರ ಯಕೃತ್ತಿನಲ್ಲಿ ನಿಧಾನ ಎನ್ನುವುದು ಸರಿಯೇ. ಜಾಸ್ತಿ ತೆಗೆದುಕೊಂಡಾಗ ಬದಲಾಗದ ಫೋಲಿಕ್ ಆಸಿಡ್ ರಕ್ತದಲ್ಲಿ ಸ್ವಲ್ಪ ಕಾಣಿಸಿಕೊಳ್ಳುತ್ತದೆ. ಅದರಿಂದ ಹಾನಿ ಆಗುತ್ತದೆ ಎಂಬುದಕ್ಕೆ ಈವರೆಗೆ ಗಟ್ಟಿ ಸಾಕ್ಷ್ಯ ಇಲ್ಲ. ಗಮನ ಇಟ್ಟು ನೋಡುತ್ತಿರಬೇಕಾದ ವಿಷಯ ಇದು, ಬೆರೆಸುವುದನ್ನೇ ನಿಲ್ಲಿಸುವಷ್ಟು ದೊಡ್ಡದಲ್ಲ.

ಬೆಳೆಯನ್ನೇ ಬದಲಿಸಬಹುದಾ?

ಹಿಟ್ಟಿಗೆ ಬೆರೆಸಲು ಗಿರಣಿ ಬೇಕು. ತಾವೇ ಬೆಳೆದು, ಪಕ್ಕದಲ್ಲೇ ಬೀಸಿಸಿಕೊಂಡು ಉಣ್ಣುವ ಜನರನ್ನು ಈ ದಾರಿ ಮುಟ್ಟುವುದಿಲ್ಲ. ಅಂಥವರಿಗೆ ಕಾಳಿನಲ್ಲೇ ಫೋಲೇಟ್ ತುಂಬಿದ ಬೆಳೆ ಕೊಟ್ಟರೆ? ಇಲ್ಲಿ ಗಿಡದ ಆ ಮೂರು ಕೋಣೆಗಳು ಮತ್ತೆ ಎದುರಾಗುತ್ತವೆ.

ಅಕ್ಕಿಯಲ್ಲಿ ತಲೆಯ ಜೀನ್ ಒಂದನ್ನೇ ಹೆಚ್ಚಿಸಿದಾಗ ಅಥವಾ ನಡುವಿನ ಜೀನ್ ಒಂದನ್ನೇ ಹೆಚ್ಚಿಸಿದಾಗ ಹೇಳಿಕೊಳ್ಳುವ ಫಲ ಸಿಗಲಿಲ್ಲ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ತಂಡ 2007ರಲ್ಲಿ ಎರಡನ್ನೂ ಒಟ್ಟಿಗೆ ಸೇರಿಸಿತು. ಅಕ್ಕಿಯ ಫೋಲೇಟ್ 100 ಪಟ್ಟಿನವರೆಗೆ ಏರಿತು. ಪಾಲಿಶ್ ಮಾಡಿದ 100 ಗ್ರಾಂ ಹಸಿ ಅಕ್ಕಿಯಲ್ಲಿ ವಯಸ್ಕರೊಬ್ಬರ ದಿನದ ಅಗತ್ಯದ ನಾಲ್ಕು ಪಟ್ಟು ಇತ್ತು. ಅದೇ ವರ್ಷ ಅಮೆರಿಕದ ಇನ್ನೊಂದು ತಂಡ ಟೊಮೆಟೊದಲ್ಲಿ 25 ಪಟ್ಟಿನವರೆಗೆ ಏರಿಸಿತು.

ಆದರೆ ತಯಾರಿಸಿದ್ದು ಉಳಿಯಬೇಕಲ್ಲ? ಆ ಅಕ್ಕಿಯನ್ನು ನಾಲ್ಕು ತಿಂಗಳು ಇಟ್ಟಾಗ ಹೆಚ್ಚೂಕಡಿಮೆ ಅರ್ಧ ಫೋಲೇಟ್ ಹೋಗಿತ್ತು. ಕೊಯ್ಲಿನಿಂದ ಕೊಯ್ಲಿನವರೆಗೆ ಕಣಜದಲ್ಲಿ ಇಟ್ಟು ಉಣ್ಣುವ ಧಾನ್ಯಕ್ಕೆ ಇದು ದೊಡ್ಡ ಪೆಟ್ಟು. ಗೆಂಟ್ ತಂಡ 2015ರಲ್ಲಿ ಎರಡು ದಾರಿಗಳನ್ನು ತೋರಿಸಿತು. ಒಂದು, ಬಾಲ ಉದ್ದ ಮಾಡುವ ಕಿಣ್ವದ ಜೀನನ್ನೂ ಸೇರಿಸುವುದು. ಇನ್ನೊಂದು, ಹಾಲಿನಲ್ಲಿರುವ ಫೋಲೇಟ್ ಹಿಡಿದುಕೊಳ್ಳುವ ಪ್ರೋಟೀನ್‌ನಂಥದ್ದನ್ನು ಕಾಳಿನಲ್ಲಿ ಮಾಡಿಸುವುದು. ಈ ಅಕ್ಕಿ ಇಟ್ಟರೂ ಕೆಡಲಿಲ್ಲ, ಏರಿಕೆ 150 ಪಟ್ಟಿನವರೆಗೆ ಹೋಯಿತು. ಆಲೂಗಡ್ಡೆಯಲ್ಲಿ ಎರಡು ಜೀನ್ ಸಾಲಲಿಲ್ಲ. ನಾಲ್ಕು ಜೀನ್ ಸೇರಿಸಿದಾಗ 2018ರಲ್ಲಿ 12 ಪಟ್ಟು ಸಿಕ್ಕಿತು, ತಿಂಗಳುಗಟ್ಟಲೆ ಇಟ್ಟರೂ ಉಳಿಯಿತು. ಗಿಡ ತನ್ನ ಫೋಲೇಟನ್ನು ಹೇಗೆ ಕಾಯುತ್ತದೆ ಎಂದು ಹತ್ತಾರು ವರ್ಷ ಕೂತು ಬಿಡಿಸಿದವರ ಕೆಲಸ ಇಲ್ಲಿ ಫಲ ಕೊಟ್ಟಿದೆ.

ಇಷ್ಟಾದರೂ ಈ ಅಕ್ಕಿ ರೈತರ ಹೊಲಕ್ಕೆ ಬಂದಿಲ್ಲ. ಇದು ಕುಲಾಂತರಿ ಬೆಳೆ. ವಿಟಮಿನ್ ಎ ಇರುವ ಗೋಲ್ಡನ್ ರೈಸ್‌ಗೆ ಏನಾಯಿತು ಎಂದು ಎಲ್ಲರೂ ನೋಡಿದ್ದಾರೆ. ಫಿಲಿಪ್ಪೀನ್ಸ್ 2021ರಲ್ಲಿ ಅದನ್ನು ಬೆಳೆಯಲು ಒಪ್ಪಿಗೆ ಕೊಟ್ಟಿತು, 2024ರಲ್ಲಿ ಅಲ್ಲಿನ ನ್ಯಾಯಾಲಯ ತಡೆಯಿತು. ಕುಲಾಂತರಿ ಬೇಡ ಎನ್ನುವವರು ಕಾಳು, ಸೊಪ್ಪು ಹೆಚ್ಚು ತಿಂದರೆ ಸಾಕು ಎನ್ನುತ್ತಾರೆ. ತಿನ್ನಲು ಸಿಗುವವರಿಗೆ ಆ ಮಾತು ಸರಿ. ಬೇಯಿಸಿದ ಕಡಲೆಯ 100 ಗ್ರಾಂನಲ್ಲಿ ಸುಮಾರು 170 ಮೈಕ್ರೋಗ್ರಾಂ ಇದೆ. ಮೂರು ಹೊತ್ತೂ ಬರೀ ಧಾನ್ಯ ಉಣ್ಣುವ ಮನೆಗೆ ಅದು ಉತ್ತರವಲ್ಲ. ಮಧ್ಯದ ದಾರಿಯೂ ಒಂದಿದೆ. ಕಾಡು ಆಲೂಗಡ್ಡೆಗಳಲ್ಲಿ ಕೆಲವಕ್ಕೆ ಬೆಳೆಸುವ ತಳಿಗಿಂತ ಹಲವು ಪಟ್ಟು ಫೋಲೇಟ್ ಇದೆ. ಅಂಥವುಗಳ ಜೊತೆ ಮಾಮೂಲಿ ತಳಿ ಸಂಕರ ಮಾಡಬಹುದು. ನೂರು ಪಟ್ಟು ಸಿಗಲಿಕ್ಕಿಲ್ಲ, ಎರಡು ಮೂರು ಪಟ್ಟಾದರೂ ಸಿಗಬಹುದು.

ಮುಂದೆ ಏನಾಗಬಹುದು?

ಇಂಗ್ಲೆಂಡಿನ ನಿಯಮದಿಂದ ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 200 ಪ್ರಕರಣ ತಪ್ಪಬಹುದು ಎಂದು ಅಲ್ಲಿನ ಸರ್ಕಾರ ಅಂದಾಜು ಮಾಡಿದೆ. ಪ್ರಮಾಣ ಎಚ್ಚರದ್ದು, ಹಾಗಾಗಿ ಲಾಭವೂ ಮಿತಿಯದ್ದು. ಬಸಿರಿಗೆ ಮುಂಚೆ ಮಾತ್ರೆ ತೆಗೆದುಕೊಳ್ಳಿ ಎಂಬ ಸಲಹೆ ಹಿಟ್ಟು ಬಂದ ಮೇಲೂ ಹಾಗೆಯೇ ಇರುತ್ತದೆ. ಯುರೋಪಿನ ಉಳಿದ ದೇಶಗಳ ಮೇಲೆ ಒತ್ತಡ ಹೆಚ್ಚಬಹುದು. ಹಿಟ್ಟಿನಿಂದ ಲಾಭ ಆಯಿತೇ ಇಲ್ಲವೇ ಎಂದು ಹೇಳಲು ಕೆಲವು ವರ್ಷಗಳ ಜನನದ ಲೆಕ್ಕ ಬೇಕು. ಮೊದಲ ವರ್ಷದ ಅಂಕಿ ಹಿಡಿದು ಯಾರಾದರೂ ಗೆದ್ದೆ, ಸೋತೆ ಎಂದರೆ ನಂಬಬೇಡಿ.

ಇನ್ನೊಂದು ಕಡೆ ಗಿಡದೊಳಗಿನ ಲೆಕ್ಕವೇ ಬದಲಾಗುತ್ತಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಅಕ್ಕಿ ಹೇಗಿರುತ್ತದೆ ಎಂದು ತಿಳಿಯಲು ಚೀನಾ, ಜಪಾನ್‌ಗಳಲ್ಲಿ ಬಯಲು ಗದ್ದೆಯಲ್ಲೇ ಪ್ರಯೋಗ ಮಾಡಿದರು. ಈ ಶತಮಾನದ ಕೊನೆಯ ಹೊತ್ತಿಗೆ ಬರಬಹುದಾದ ಮಟ್ಟದಲ್ಲಿ ಬೆಳೆಸಿದ ಅಕ್ಕಿಯಲ್ಲಿ ಬಿ ಗುಂಪಿನ ವಿಟಮಿನ್‌ಗಳು ಕಡಿಮೆಯಾದವು. ಬಿ1, ಬಿ2 ಸುಮಾರು ಶೇ 17ರಷ್ಟು ಇಳಿದವು. ಎಲ್ಲಕ್ಕಿಂತ ಹೆಚ್ಚು ಇಳಿದದ್ದು ಫೋಲೇಟ್, ಸುಮಾರು ಶೇ 30ರಷ್ಟು. 2018ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಹಿಟ್ಟಿನ ಚರ್ಚೆಯಷ್ಟು ಪ್ರಚಾರ ಸಿಗಲಿಲ್ಲ. ಮೊದಲೇ ಫೋಲೇಟ್ ಕಡಿಮೆ ಇರುವ ಧಾನ್ಯದಲ್ಲಿ ಮೂರರಲ್ಲೊಂದು ಪಾಲು ಹೋದರೆ, ಅದನ್ನೇ ನೆಚ್ಚಿಕೊಂಡ ಮನೆಗಳಲ್ಲಿ ಆ 28 ದಿನಗಳಿಗೆ ಏನು ಉಳಿಯುತ್ತದೆ?